ಬೀಗದ ಕೋಣೆಯಲ್ಲಿದ್ದ ನೇತಾಜಿ

ಜನವರಿ 23 ಬಂತೆಂದರೆ ನಮ್ಮ ಗಡಿನಾಡಿನ ಶಾಲೆಗಳಲ್ಲೂ ದುಂಡು ಕನ್ನಡಕ, ಸೇನಾ ಟೋಪಿಯ ಆ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ರಾಯದುರ್ಗ, ಮಡಕಶಿರಾ ಭಾಗದ ಸದಸ್ಯರು ಮಕ್ಕಳಿಗೆ ಸುಭಾಷ್ ಚಂದ್ರ ಬೋಸರ ಕಥೆ ಹೇಳುವಾಗ ಅದರ ಇನ್ನೊಂದು ಮುಖವನ್ನೂ ಹೇಳಲಿ ಎಂಬುದು ಈ ಬರಹದ ಆಸೆ. ಅವರು ಬದುಕಿದ್ದಾಗ ಬ್ರಿಟಿಷರು ಅವರ ಮೇಲೆ ಗುಟ್ಟಾಗಿ ಕಡತ ಬರೆದರು. ಅವರು ಹೋದ ಮೇಲೆ ನಮ್ಮದೇ ಸರ್ಕಾರಗಳು ಅವರ ಕಡತಗಳನ್ನು ಎಪ್ಪತ್ತು ವರ್ಷ ಬೀಗ ಹಾಕಿ ಇಟ್ಟವು.

ಸುಭಾಷರು ಹುಟ್ಟಿದ್ದು 1897ರಲ್ಲಿ, ಒಡಿಶಾದ ಕಟಕ್‌ನಲ್ಲಿ. ತಂದೆ ಜಾನಕೀನಾಥ ಬೋಸ್ ವಕೀಲರು, ತಾಯಿ ಪ್ರಭಾವತಿ. ಹದಿನಾಲ್ಕು ಮಕ್ಕಳಲ್ಲಿ ಇವರು ಒಂಬತ್ತನೆಯವರು. 1920ರ ಐಸಿಎಸ್ ಪರೀಕ್ಷೆಯಲ್ಲಿ ನಾಲ್ಕನೇ ಸ್ಥಾನ ಪಡೆದರೂ ಮರುವರ್ಷವೇ ಅದಕ್ಕೆ ರಾಜೀನಾಮೆ ಕೊಟ್ಟು ಬಂದು ಚಿತ್ತರಂಜನ ದಾಸರ ಜೊತೆಗೂಡಿದರು. 1924ರಲ್ಲಿ ಕಲ್ಕತ್ತಾ ನಗರಪಾಲಿಕೆಯ ಮುಖ್ಯ ಆಡಳಿತಾಧಿಕಾರಿಯಾದರು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಪೊಲೀಸರು ಅವರನ್ನು ಹಿಡಿದರು. ಕ್ರಾಂತಿಕಾರಿಗಳ ಜೊತೆ ನಂಟಿದೆ ಎಂದು ಗುಪ್ತಚರರು ವರದಿ ಕೊಟ್ಟಿದ್ದರಂತೆ. ಆ ವರದಿಯನ್ನು ಕೋರ್ಟಿನ ಮುಂದೆ ಇಡಲಿಲ್ಲ, ಬೋಸರಿಗೂ ತೋರಿಸಲಿಲ್ಲ. ವಿಚಾರಣೆಯೇ ಇಲ್ಲದೆ ಬರ್ಮಾದ ಮಂಡಾಲೆ ಜೈಲಿಗೆ ಕಳಿಸಿದರು. ಆ ಡಿಸೆಂಬರ್‌ನಲ್ಲಿ ನಮ್ಮ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ ಬೋಸರು ಸೆರೆಯಲ್ಲಿದ್ದರು. ಬಿಡುಗಡೆಯಾಗಿದ್ದು 1927ರ ಮೇ ತಿಂಗಳಲ್ಲಿ, ಆರೋಗ್ಯ ಪೂರ್ತಿ ಕೆಟ್ಟ ಮೇಲೆ. 1932ರಲ್ಲಿ ಮತ್ತೆ ಅದೇ ಕಥೆ. ಈ ಸಲ 1818ರಷ್ಟು ಹಳೆಯ ರೆಗ್ಯುಲೇಷನ್ ಒಂದನ್ನು ಹೊರತೆಗೆದು ಒಳಗಿಟ್ಟರು.

1938ರಲ್ಲಿ ಹರಿಪುರ ಕಾಂಗ್ರೆಸ್‌ಗೆ ಅಧ್ಯಕ್ಷರಾದರು. ಮರುವರ್ಷ ಗಾಂಧೀಜಿ ಒಪ್ಪಿದ ಅಭ್ಯರ್ಥಿ ಆಂಧ್ರದ ಪಟ್ಟಾಭಿ ಸೀತಾರಾಮಯ್ಯನವರ ಎದುರು ನಿಂತು ಸುಮಾರು 200 ಮತಗಳಿಂದ ಗೆದ್ದರು. ಆಂಧ್ರದ ಪ್ರತಿನಿಧಿಗಳಲ್ಲಿ ಹೆಚ್ಚಿನವರು ಪಟ್ಟಾಭಿಯವರ ಕಡೆ, ಕರ್ನಾಟಕದ ಪ್ರತಿನಿಧಿಗಳಲ್ಲಿ ಹೆಚ್ಚಿನವರು ಬೋಸರ ಕಡೆ. ರಾಯದುರ್ಗ ಆಗಿನ್ನೂ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಅದು ಅನಂತಪುರಕ್ಕೆ ಸೇರಿದ್ದು 1953ರಲ್ಲಿ ಆಂಧ್ರ ರಾಜ್ಯವಾದಾಗ. ಮಡಕಶಿರಾ ಮೊದಲೇ ಅನಂತಪುರದಲ್ಲಿತ್ತು. ಎರಡೂ ಕಡೆ ನೆಂಟರಿರುವ ನಮಗೆ ಈ ಮತಗಳ ಹಂಚಿಕೆ ಮನೆಯ ಮಾತಿನ ಹಾಗೆಯೇ ಕೇಳಿಸುತ್ತದೆ.

ಕಾಂಗ್ರೆಸ್ ಅಧ್ಯಕ್ಷ ಸ್ಥಾನ ಬಿಟ್ಟು ಫಾರ್ವರ್ಡ್ ಬ್ಲಾಕ್ ಕಟ್ಟಿದ ಮೇಲೆ ಗುಪ್ತಚರರ ಕಣ್ಣು ಇನ್ನೂ ಹರಿತವಾಯಿತು. 1940ರ ಕೊನೆಯಲ್ಲಿ ಜೈಲಿನಲ್ಲಿ ಉಪವಾಸ ಹೂಡಿ ಮನೆಗೆ ಬಂದರು. ಕಲ್ಕತ್ತಾದ ಎಲ್ಗಿನ್ ರಸ್ತೆಯ ಆ ಮನೆಯ ಸುತ್ತ ಮಫ್ತಿಯಲ್ಲಿದ್ದ ಪೊಲೀಸರು ಹಗಲಿರುಳು ಕಾವಲಿದ್ದರು. ಬರುವ ಹೋಗುವ ಕಾಗದಗಳನ್ನು ಅಂಚೆಯಲ್ಲೇ ಒಡೆದು ಓದುತ್ತಿದ್ದರು. ಬೋಸರು ಗಡ್ಡ ಬಿಟ್ಟು, ಯಾರನ್ನೂ ನೋಡುವುದಿಲ್ಲವೆಂದು ಕೋಣೆ ಸೇರಿಕೊಂಡರು. 1941ರ ಜನವರಿ 16ರ ರಾತ್ರಿ ಕಳೆದು ಬೆಳಗಾಗುವ ಮುಂಚೆ, ವಿಮಾ ಏಜೆಂಟ್ ಮಹಮ್ಮದ್ ಜಿಯಾಉದ್ದೀನ್ ವೇಷದಲ್ಲಿ ಕಾರು ಹತ್ತಿದರು. ಓಡಿಸಿದವರು ಅಣ್ಣ ಶರತ್‌ಚಂದ್ರರ ಮಗ ಶಿಶಿರ್. ಆ ವಾಂಡರರ್ ಕಾರು ಈಗಲೂ ಅದೇ ಮನೆಯಲ್ಲಿದೆ. ಗೋಮೋದಲ್ಲಿ ರೈಲು, ಪೇಶಾವರ, ಅಲ್ಲಿಂದ ಬೆಟ್ಟ ದಾಟಿ ಕಾಬೂಲ್. ಹಕ್ಕಿ ಹಾರಿಹೋಗಿದೆ ಎಂದು ಲೋಕಕ್ಕೆ ಗೊತ್ತಾಗಲು ಹತ್ತು ದಿನ ಬೇಕಾಯಿತು.

ಕಾಬೂಲಿಗೆ ದಾರಿ ತೋರಿಸಿದ ಭಗತ್ ರಾಮ್ ತಲ್ವಾರ್ ಆಮೇಲೆ ಬ್ರಿಟಿಷರಿಗೂ ಸೇರಿ ಹಲವು ದೇಶಗಳಿಗೆ ಏಕಕಾಲಕ್ಕೆ ಗುಪ್ತಚರನಾದ. ಸಿಲ್ವರ್ ಎಂಬುದು ಅವನ ಗುಟ್ಟಿನ ಹೆಸರು. ಬೋಸರನ್ನು ತುರ್ಕಿಯ ದಾರಿಯಲ್ಲಿ ಕೊಂದುಬಿಡಲು ಬ್ರಿಟನ್ನಿನ ರಹಸ್ಯ ದಳಕ್ಕೆ 1941ರ ಮಾರ್ಚ್‌ನಲ್ಲೇ ಆದೇಶ ಹೋಗಿತ್ತೆಂದು ಐರ್ಲೆಂಡಿನ ಇತಿಹಾಸಕಾರ ಯೂನನ್ ಓ'ಹಾಲ್ಪಿನ್ 2005ರಲ್ಲಿ ತಿಳಿಸಿದರು. ಲಂಡನ್ನಿನ ಪತ್ರಾಗಾರ ತೆರೆದಿದ್ದರಿಂದಲೇ ಅದು ಹೊರಬಂತು. ಬೋಸರು ತುರ್ಕಿಯ ಬದಲು ರಷ್ಯಾ ಮೂಲಕ ಬರ್ಲಿನ್ ಸೇರಿದ್ದರಿಂದ ಬದುಕಿದರು.

ಮುಂದಿನದು ಎಲ್ಲರಿಗೂ ಗೊತ್ತು: 1943ರ ಜಲಾಂತರ್ಗಾಮಿ ಪ್ರಯಾಣ, ಸಿಂಗಪುರದಲ್ಲಿ ಆಜಾದ್ ಹಿಂದ್ ಸರ್ಕಾರ, ಝಾನ್ಸಿ ರಾಣಿ ದಳ, ಇಂಫಾಲದ ಸೋಲು. 1945ರ ಆಗಸ್ಟ್ 18ರಂದು ತೈಪೆಯಲ್ಲಿ ವಿಮಾನ ಬಿದ್ದು, ಸುಟ್ಟಗಾಯಗಳಿಂದ ಆ ರಾತ್ರಿ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು ಎಂದು ಜಪಾನ್ ಹೇಳಿತು. ಜನ ನಂಬಲಿಲ್ಲ.

ನಂಬದಿರಲು ಸರ್ಕಾರಗಳೂ ತಮ್ಮ ಕೈಲಾದಷ್ಟು ನೆರವಾದವು. 1956ರ ಶಾ ನವಾಜ್ ಸಮಿತಿ, 1970ರ ಖೋಸ್ಲಾ ಆಯೋಗ ವಿಮಾನ ದುರಂತವನ್ನು ಒಪ್ಪಿದವು. 1999ರ ಮುಖರ್ಜಿ ಆಯೋಗ ಒಪ್ಪಲಿಲ್ಲ, ಸರ್ಕಾರ ಆ ವರದಿಯನ್ನೇ ತಳ್ಳಿಹಾಕಿತು. ಬೋಸರ ಸಾವಿನ ತನಿಖೆಗೆ ಸಂಬಂಧಿಸಿದ ಪ್ರಧಾನಿ ಕಚೇರಿಯ ಒಂದು ಕಡತವನ್ನು 1972ರಲ್ಲಿ, ಖೋಸ್ಲಾ ಆಯೋಗ ವಿಚಾರಣೆ ನಡೆಸುತ್ತಿದ್ದಾಗಲೇ, ನಾಶ ಮಾಡಲಾಗಿತ್ತು. ಹಳೆಯ ಕಾಗದ ವಿಲೇವಾರಿ ಎಂಬ ವಿವರಣೆ ಬಂತು. ಉಳಿದದ್ದನ್ನು ಕೊಡಿ ಎಂದು ಮಾಹಿತಿ ಹಕ್ಕಿನಡಿ ಕೇಳಿದವರಿಗೆ ವಿದೇಶಗಳ ಜೊತೆಗಿನ ಸಂಬಂಧ ಕೆಡುತ್ತದೆ ಎಂಬ ಉತ್ತರ. 2014ರಲ್ಲಿ ದೆಹಲಿಯ ಆಡಳಿತ ಬದಲಾದರೂ ಮೊದಮೊದಲು ಉತ್ತರ ಬದಲಾಗಲಿಲ್ಲ.

ಕಾನೂನೂ ಹಾಗೇ ಇದೆ. ತಹಸೀಲ್ದಾರ್ ಕಚೇರಿಗೆ ಇತ್ತ ಅಡಂಗಲ್, ಅತ್ತ ಪಹಣಿ ಕೇಳಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಲೇಬೇಕು. ಆದರೆ ಗುಪ್ತಚರ ಸಂಸ್ಥೆ ಐಬಿ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ವಿಷಯ ಬಿಟ್ಟರೆ, 2005ರ ಆ ಕಾಯ್ದೆಯ ಹೊರಗಿದೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆಯನ್ನು ಬ್ರಿಟಿಷರು ಮಾಡಿ ಹೋದರು, ನಾವು ಉಳಿಸಿಕೊಂಡೆವು. ಸುದ್ದಿ ಕೊಟ್ಟವನ ಜೀವ ಉಳಿಸಲು, ಗಡಿಯಲ್ಲಿರುವ ಸೈನಿಕನಿಗಾಗಿ ಗುಟ್ಟು ಬೇಕು, ಒಪ್ಪೋಣ. ಅರವತ್ತು ವರ್ಷ ಹಿಂದಿನ ಕಾಗದಕ್ಕೂ ಅದೇ ಕಾರಣ ಕೊಟ್ಟರೆ ಅದು ಭದ್ರತೆಯಲ್ಲ, ಅಭ್ಯಾಸ.

ಕೊನೆಗೆ 2015ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಬಂಗಾಳ 64 ಕಡತ ತೆರೆಯಿತು. 2016ರ ಜನವರಿ 23ರಂದು ಕೇಂದ್ರ ಮೊದಲ ಕಂತಿನಲ್ಲಿ 100 ಬಿಡುಗಡೆ ಮಾಡಿತು, ಮುಂದೆ ಅದು 304 ಆಯಿತು. ಯಾವ ದೇಶದ ಸಂಬಂಧವೂ ಕೆಡಲಿಲ್ಲ. ಕಡತಗಳಿಂದ ಸಿಕ್ಕ ದೊಡ್ಡ ಸುದ್ದಿ ಬೋಸರದ್ದಲ್ಲ, ಕಾವಲುಗಾರರದ್ದು. ಸ್ವಾತಂತ್ರ್ಯ ಬಂದ ಮೇಲೂ 1948ರಿಂದ 1968ರವರೆಗೆ ಐಬಿ ಅವರ ಮನೆಯವರ ಕಾಗದಗಳನ್ನು ಒಡೆದು ಓದುತ್ತಿತ್ತು. ಕಾರು ಓಡಿಸಿದ ಶಿಶಿರ್ ಕೂಡ ಆ ಪಟ್ಟಿಯಲ್ಲಿದ್ದರು. ಇನ್ನೊಂದು ಕಡತದಲ್ಲಿ ಕಂಡದ್ದು ಬೇರೆಯೇ ಬಣ್ಣ: ವಿಯೆನ್ನಾದಲ್ಲಿದ್ದ ಮಗಳು ಅನಿತಾಗೆ ಕಾಂಗ್ರೆಸ್ 1965ರಲ್ಲಿ ಆಕೆಯ ಮದುವೆಯಾಗುವವರೆಗೆ ವರ್ಷಕ್ಕೆ 6,000 ರೂಪಾಯಿ ಕಳಿಸುತ್ತಿತ್ತು. ಬಚ್ಚಿಡುವ ವಿಷಯವೇ ಅದು?

ಆ ಕಡತಗಳು ಈಗ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಅಂತರ್ಜಾಲದಲ್ಲೂ ಬಂದಿವೆ. ಬಹುಪಾಲು ಇಂಗ್ಲಿಷಿನಲ್ಲಿರುವುದರಿಂದ ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಓದಿ ಮನೆಯ ಹಿರಿಯರಿಗೆ ಕನ್ನಡದಲ್ಲಿ ಹೇಳಬಹುದು. ಜಪಾನ್ ತಾನು 1956ರಲ್ಲಿ ಬರೆದಿಟ್ಟಿದ್ದ ತನಿಖಾ ವರದಿಯೂ 2016ರಲ್ಲಿ ಹೊರಬಂತು. ಅದೂ ವಿಮಾನ ದುರಂತವನ್ನೇ ಹೇಳುತ್ತದೆ. ಬೋಸರದೆಂದು ಇಟ್ಟಿರುವ ಚಿತಾಭಸ್ಮ ಟೋಕಿಯೊದ ರೆಂಕೋಜಿ ಬೌದ್ಧ ದೇವಾಲಯದಲ್ಲಿದೆ. ಅದನ್ನು ಭಾರತಕ್ಕೆ ತರಬೇಕೆಂದು ಮಗಳು ಅನಿತಾ ಕೇಳುತ್ತಲೇ ಬಂದಿದ್ದಾರೆ.