ಶಿಶುಹೃದಯ ವೈದ್ಯೆ ಡಾ. ಹೆಲೆನ್ ಟಾಸಿಗ್

ಹುಟ್ಟಿದಾಗ ಚೆನ್ನಾಗಿದ್ದ ಕೂಸು ನಾಲ್ಕು ದಿನದಲ್ಲಿ ಹಾಲು ಬಿಟ್ಟು, ತುಟಿ ನೀಲಿಗಟ್ಟಿ ತೀರಿಕೊಂಡರೆ, ದೃಷ್ಟಿ ತಗುಲಿತೆಂದೋ ಆಯುಷ್ಯವೇ ಅಷ್ಟಿತ್ತೆಂದೋ ಹೇಳುವುದುಂಟು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸುತ್ತಲಿನ ಹಳ್ಳಿಗಳಿಂದ ಬಂದ ನಮಗೆ ಈ ಮಾತು ಹೊಸದಲ್ಲ. ಇಂತಹ ಸಾವಿಗೆ ಕೆಲವು ಸಲ ಹೃದಯದ ಹುಟ್ಟುದೋಷವೇ ಕಾರಣವೆಂದೂ, ಅದನ್ನು ಗುರುತಿಸಿದರೆ ಕೂಸನ್ನು ಉಳಿಸಬಹುದೆಂದೂ ತೋರಿಸಿಕೊಟ್ಟವರಲ್ಲಿ ಡಾ. ಹೆಲೆನ್ ಟಾಸಿಗ್ ಅಗ್ರಗಣ್ಯರು.

ಹೆಲೆನ್ ೧೮೯೮ರ ಮೇ ೨೪ರಂದು ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಜನಿಸಿದರು. ತಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಹೆಲೆನ್‌ಗೆ ಹನ್ನೊಂದು ವರ್ಷವಾಗಿದ್ದಾಗ ತಾಯಿ ಕ್ಷಯದಿಂದ ತೀರಿಕೊಂಡರು. ಅಕ್ಷರಗಳು ಕಲಸಿದಂತಾಗುವ ತೊಂದರೆಯಿಂದ ಬಾಲಕಿಗೆ ಓದುವುದೇ ಕಷ್ಟವಾಗಿತ್ತು. ತಂದೆ ಜೊತೆಗೆ ಕುಳಿತು ಓದಿಸಿದರು. ಹಾರ್ವರ್ಡಿನ ವೈದ್ಯಶಾಲೆ ಆಗ ಸ್ತ್ರೀಯರಿಗೆ ಪದವಿ ಕೊಡುತ್ತಿರಲಿಲ್ಲ. ಆಕೆ ಎದೆಗುಂದದೆ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸೇರಿ ೧೯೨೭ರಲ್ಲಿ ವೈದ್ಯಪದವಿ ಪಡೆದರು. ೧೯೩೦ರಲ್ಲಿ ಅಲ್ಲಿಯೇ ಮಕ್ಕಳ ಹೃದಯ ಚಿಕಿತ್ಸಾಲಯದ ಮುಖ್ಯಸ್ಥೆಯಾದರು.

ಆ ವರ್ಷಗಳಲ್ಲಿಯೇ ಆಕೆಯ ಕಿವಿ ಮಂದವಾಯಿತು. ಎದೆಬಡಿತ ಸರಿಯಾಗಿ ಕೇಳಿಸದಿದ್ದರೆ ಹೃದಯವೈದ್ಯರ ಗತಿಯೇನು? ಆಕೆ ಕೂಸಿನ ಎದೆಯ ಮೇಲೆ ಬೆರಳಿಟ್ಟು ಮಿಡಿತವನ್ನರಿಯುವುದನ್ನು ರೂಢಿಸಿಕೊಂಡರು. ಕ್ಷಕಿರಣದ ತೆರೆಯ ಮೇಲೆ ಹೃದಯದ ಆಕಾರವನ್ನು ಪರೀಕ್ಷಿಸಿದರು. ಆಗ ಒಂದು ಸಂಗತಿ ಗೋಚರವಾಯಿತು. ಗರ್ಭದ ಶಿಶು ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಆದುದರಿಂದ ರಕ್ತವು ಅದನ್ನು ಬಳಸಿ ಹೋಗಲು ಒಂದು ಚಿಕ್ಕ ನಾಳವಿರುತ್ತದೆ. ಹುಟ್ಟಿದ ಕೆಲವು ದಿನಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ದಾರಿ ತೀರ ಕಿರಿದಾಗಿರುವ ಕೂಸಿಗೆ ಆ ನಾಳವೇ ಜೀವಾಧಾರ. ಅದು ಮುಚ್ಚಿದರೆ ಕೂಸು ನೀಲಿಗಟ್ಟುತ್ತದೆ. ಹಾಗಾದರೆ ಅಂತಹ ನಾಳವೊಂದನ್ನು ಶಸ್ತ್ರಕ್ರಿಯೆಯಿಂದ ನಿರ್ಮಿಸಬಾರದೇಕೆ ಎಂದು ಆಕೆ ಯೋಚಿಸಿದರು.

ಬಾಸ್ಟನ್ನಿನ ಪ್ರಸಿದ್ಧ ಶಸ್ತ್ರವೈದ್ಯರೊಬ್ಬರು ಇದಕ್ಕೆ ಮನಸ್ಸು ಕೊಡಲಿಲ್ಲ. ೧೯೪೧ರಲ್ಲಿ ಹಾಪ್ಕಿನ್ಸ್‌ಗೆ ಬಂದ ಆಲ್ಫ್ರೆಡ್ ಬ್ಲಾಲಾಕ್ ಒಪ್ಪಿದರು. ಹಣವಿಲ್ಲದೆ ಕಾಲೇಜು ಓದಲಾಗದ ಕಪ್ಪು ಜನಾಂಗದ ವಿವಿಯನ್ ಥಾಮಸ್ ಅವರ ಸಹಾಯಕರು. ನಾಯಿಗಳ ಮೇಲೆ ಪ್ರಯೋಗ ನಡೆಸಿ ವಿಧಾನವನ್ನು ಸಿದ್ಧಗೊಳಿಸಿದವರು ಇವರೇ. ಆದರೂ ಬಹುಕಾಲ ಇವರ ಹೆಸರು ಮರೆಯಲ್ಲಿಯೇ ಉಳಿಯಿತು. ೧೯೪೪ರ ನವೆಂಬರ್ ೨೯ರಂದು ೧೫ ತಿಂಗಳ ಹೆಣ್ಣುಕೂಸಿಗೆ ತೋಳಿನ ಕಡೆಯ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸಲಾಯಿತು. ಆ ಕೂಸು ಕೆಲವೇ ತಿಂಗಳು ಬದುಕಿತು. ಆದರೆ ಮೂರನೆಯ ಶಸ್ತ್ರಕ್ರಿಯೆಯಲ್ಲಿ ಆರು ವರ್ಷದ ಹುಡುಗನ ನೀಲಿ ತುಟಿಗಳು ಮೇಜಿನ ಮೇಲೆಯೇ ಕೆಂಪಾದವು.

೧೯೪೭ರಲ್ಲಿ ಆಕೆಯ ಗ್ರಂಥ ಪ್ರಕಟವಾಯಿತು. ೧೯೬೫ರಲ್ಲಿ ಅಮೆರಿಕದ ಹೃದಯ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾದರು. ೧೯೮೬ರ ಮೇ ೨೦ರಂದು ಕಾರು ಅಪಘಾತದಲ್ಲಿ ನಿಧನರಾದರು.

ಆಕೆ ಗಮನಿಸಿದ ಆ ಚಿಕ್ಕ ನಾಳ ಇಂದಿನ ತಾಯಂದಿರಿಗೂ ಪಾಠ ಹೇಳುತ್ತದೆ. ಅದು ತೆರೆದಿರುವವರೆಗೆ ದೋಷವಿರುವ ಕೂಸೂ ಆರೋಗ್ಯವಾಗಿಯೇ ಕಾಣಬಹುದು. ಮನೆಗೆ ಹೋದ ಮೇಲೆ ಕೆಡುತ್ತದೆ. ಸಾವಿರ ಕೂಸುಗಳಲ್ಲಿ ಸುಮಾರು ಎಂಟಕ್ಕೆ ಯಾವುದಾದರೊಂದು ಹೃದಯದೋಷವಿರುತ್ತದೆ. ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ಹಲವು ದೋಷಗಳು ಕಾಣುತ್ತವೆ. ಅಲ್ಲಿ ತಪ್ಪಿದವುಗಳಿಗಾಗಿ, ಕರೋನಾ ಕಾಲದಲ್ಲಿ ನಾವು ಬೆರಳಿಗೆ ಹಾಕಿಕೊಂಡ ಪಲ್ಸ್ ಆಕ್ಸಿಮೀಟರಿನ ಮಾದರಿಯ ಸಾಧನವನ್ನು, ಹುಟ್ಟಿ ೨೪ ಗಂಟೆ ಕಳೆದ ಮೇಲೆ ಕೂಸಿನ ಬಲಗೈಗೂ ಒಂದು ಪಾದಕ್ಕೂ ಹಚ್ಚಿ ನೋಡಬಹುದು. ೯೫ಕ್ಕಿಂತ ಕಡಿಮೆ ಬಂದರೆ ಮತ್ತೆ ಪರೀಕ್ಷೆ. ೯೦ಕ್ಕಿಂತ ಕಡಿಮೆಯಾದರೆ ತಡಮಾಡದೆ ತಜ್ಞರ ಬಳಿಗೆ. ನೋವಿಲ್ಲ, ಕೆಲವೇ ನಿಮಿಷಗಳ ಕೆಲಸ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ದೋಷವೂ ಸೇರಿದೆ.

ಹೆರಿಗೆಗೆ ತವರಿಗೆ ಬಂದ ಅಕ್ಕನಿಗೂ ನೆರೆಮನೆಯ ಬಾಣಂತಿಗೂ, ಕೂಸನ್ನು ಮನೆಗೆ ಒಯ್ಯುವ ಮುನ್ನ ಈ ಪರೀಕ್ಷೆ ಆಯಿತೇ ಎಂದು ಕೇಳುವಂತೆ ಹೇಳುವ ಕೆಲಸ, ಮನೆತನದಲ್ಲಿ ಮೊದಲು ಕಾಲೇಜು ಕಂಡ ನಮ್ಮಂಥವರದು.