ಎರಡೇ ತಂಡಗಳ ಚಾಂಪಿಯನ್‌ಶಿಪ್‌ಗೆ ರೆಫರಿಯಾದ ಬ್ಯಾರನ್

ಪಿಯರ್ ಡಿ ಕೂಬರ್ಟಿನ್ ಹೆಸರು ನಮಗೆಲ್ಲ ಪರಿಚಯವಾಗಿದ್ದು ಒಂದು ಮಾರ್ಕ್ಸಿನ ಪ್ರಶ್ನೆಯಿಂದ. ಆಧುನಿಕ ಒಲಿಂಪಿಕ್ಸ್‌ನ ಪಿತಾಮಹ ಯಾರು ಅಂತ ಕೇಳ್ತಿದ್ರು, ಹೆಸರು ಬರೆದು ಮುಂದಿನ ಪ್ರಶ್ನೆಗೆ ಹೋಗ್ತಿದ್ವಿ. ಒಲಿಂಪಿಕ್ಸ್‌ಗೂ ಮೊದಲು ಆ ಮನುಷ್ಯ ಏನು ಮಾಡ್ತಿದ್ದರು ಅಂತ ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅವರು ರಗ್ಬಿಯ ಹುಚ್ಚು ಹತ್ತಿಸಿಕೊಂಡವರು. ಫ್ರಾನ್ಸಿನ ಮೊಟ್ಟಮೊದಲ ರಗ್ಬಿ ಕ್ಲಬ್ ಚಾಂಪಿಯನ್‌ಶಿಪ್‌ನ ಫೈನಲ್‌ಗೆ ರೆಫರಿಯಾಗಿ ನಿಂತವರು ಅವರೇ. ಇವತ್ತು ಟಾಪ್ 14 ಅಂತ ಕರೆಯುವ ದೊಡ್ಡ ಲೀಗ್‌ನ ಬೇರು ಇರೋದು ಆ ಪಂದ್ಯದಲ್ಲಿ. ಆ ಫೈನಲ್‌ಗೆ ಕ್ವಾಲಿಫೈಯರ್ ಇರಲಿಲ್ಲ, ಸೆಮಿಫೈನಲ್ಲೂ ಇರಲಿಲ್ಲ. ಯಾಕಂದ್ರೆ ಇದ್ದದ್ದೇ ಎರಡು ತಂಡ.

ಆಟದ ಬಾಗಿಲು ಯಾರಿಗೆ ತೆರೆಯಬೇಕು, ಅದನ್ನ ಯಾರು ತೀರ್ಮಾನಿಸಬೇಕು? ಕೂಬರ್ಟಿನ್ ಅವರ ಇಡೀ ಬದುಕು ಈ ಪ್ರಶ್ನೆಯ ಸುತ್ತಲೇ ತಿರುಗಿತು. ಕೆಲವು ಕಡೆ ಅವರು ಬಾಗಿಲು ತೆರೆದರು, ಕೆಲವು ಕಡೆ ತಾವೇ ಅಡ್ಡ ನಿಂತರು.

ಸೋತ ದೇಶದ ಹುಡುಗ

ಕೂಬರ್ಟಿನ್ ಹುಟ್ಟಿದ್ದು 1863ರ ಜನವರಿ 1ರಂದು, ಪ್ಯಾರಿಸ್‌ನಲ್ಲಿ. ಶ್ರೀಮಂತ ಮನೆತನ, ಬ್ಯಾರನ್ ಪದವಿ, ತಂದೆ ಚಿತ್ರಕಾರ. ಹುಡುಗನಿಗೆ ಏಳು ವರ್ಷವಾಗಿದ್ದಾಗ, 1870ರಲ್ಲಿ, ಫ್ರಾನ್ಸ್ ಪ್ರಷ್ಯಾದ ಮೇಲೆ ಯುದ್ಧಕ್ಕೆ ಹೋಗಿ ಹೀನಾಯವಾಗಿ ಸೋತಿತು. ಆಮೇಲೆ ಬೆಳೆದ ಮಕ್ಕಳೆಲ್ಲ ಕೇಳುತ್ತಾ ಬಂದದ್ದು ಒಂದೇ ಮಾತು: ನಾವು ಯಾಕೆ ಸೋತೆವು? ಶಾಲೆಗಳಲ್ಲಿ ಕವಾಯತು ಶುರು ಮಾಡಿ, ಹುಡುಗರನ್ನ ಸೈನಿಕರ ಥರ ತಯಾರು ಮಾಡಿ ಅನ್ನೋದು ಹಲವರ ಉತ್ತರವಾಗಿತ್ತು.

ಕೂಬರ್ಟಿನ್‌ಗೆ ಬೇರೆ ಉತ್ತರ ಸಿಕ್ಕಿದ್ದು ಒಂದು ಪುಸ್ತಕದಲ್ಲಿ. ಥಾಮಸ್ ಹ್ಯೂಸ್ ಬರೆದ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಇಂಗ್ಲೆಂಡಿನ ರಗ್ಬಿ ಶಾಲೆಯ ಕಥೆ. ಅದನ್ನ ಅವನು ಹುಡುಗನಾಗಿದ್ದಾಗಲೇ ಫ್ರೆಂಚ್ ಅನುವಾದದಲ್ಲಿ ಓದಿದ್ದ. ಇಪ್ಪತ್ತನೇ ವಯಸ್ಸಿನಲ್ಲಿ, 1883ರಲ್ಲಿ, ಇಂಗ್ಲೆಂಡಿಗೆ ಹೋಗಿ ಅಲ್ಲಿನ ಶಾಲೆಗಳನ್ನ ಕಣ್ಣಾರೆ ನೋಡತೊಡಗಿದ. ರಗ್ಬಿ ಶಾಲೆಯ ಹೆಡ್‌ಮಾಸ್ಟರ್ ಆಗಿದ್ದ ಥಾಮಸ್ ಆರ್ನಾಲ್ಡ್ ತೀರಿಕೊಂಡು ಆಗಲೇ ನಾಲ್ಕು ದಶಕ ಕಳೆದಿತ್ತು. ಆದರೂ ಕೂಬರ್ಟಿನ್ ಪಾಲಿಗೆ ಆರ್ನಾಲ್ಡ್ ಗುರುವಾದರು. ಬ್ರಿಟನ್ನಿನ ಬಲಕ್ಕೆಲ್ಲ ಆರ್ನಾಲ್ಡ್ ರೂಪಿಸಿದ ಆಟದ ಶಿಕ್ಷಣವೇ ಕಾರಣ ಅಂತ ಅವರು ನಂಬಿದರು.

ಇಲ್ಲೊಂದು ತಮಾಷೆ ಇದೆ. ಆರ್ನಾಲ್ಡ್‌ಗೆ ಆಟದಲ್ಲಿ ಅಂಥ ಆಸಕ್ತಿಯೇ ಇರಲಿಲ್ಲ ಅಂತ ಇತಿಹಾಸಕಾರರು ತೋರಿಸಿಕೊಟ್ಟಿದ್ದಾರೆ. ರಗ್ಬಿ ಬೆಳೆಸಿದವರು ವಿದ್ಯಾರ್ಥಿಗಳೇ. 1845ರಲ್ಲಿ ಆಟದ ನಿಯಮಗಳನ್ನ ಮೊದಲ ಸಲ ಬರೆದಿಟ್ಟವರೂ ಆ ಶಾಲೆಯ ಹುಡುಗರೇ. ಹೆಡ್‌ಮಾಸ್ಟರ್ ವಿಷಯದಲ್ಲಿ ಕೂಬರ್ಟಿನ್ ಲೆಕ್ಕ ತಪ್ಪಿತ್ತು. ಆದರೆ ವಿದ್ಯಾರ್ಥಿಗಳು ತಮ್ಮ ಕ್ಲಬ್ಬನ್ನ ತಾವೇ ಕಟ್ಟಿ, ತಾವೇ ನಡೆಸಿದರೆ ಜವಾಬ್ದಾರಿ ತಾನಾಗಿ ಬರುತ್ತೆ ಅನ್ನೋ ಅವರ ತೀರ್ಮಾನ ಸರಿಯಾಗಿತ್ತು. ಕಾಲೇಜು ಕ್ಲಬ್ ನಡೆಸುವ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

1892: ಒಂದು ವರ್ಷ, ಎರಡು ಕೆಲಸ

ಪ್ಯಾರಿಸ್‌ನಲ್ಲಿ ಅಂಥ ಕ್ಲಬ್‌ಗಳು ಅಷ್ಟರಲ್ಲೇ ಹುಟ್ಟಿದ್ದವು. 1882ರಲ್ಲಿ ಕಾಂಡೋರ್ಸೆ ಎಂಬ ಲೀಸೆಯ, ಅಂದರೆ ಸರ್ಕಾರಿ ಪ್ರೌಢಶಾಲೆಯ, ಹುಡುಗರು ರೇಸಿಂಗ್ ಕ್ಲಬ್ ಶುರು ಮಾಡಿದರು. ಮರುವರ್ಷ ಸೇಂಟ್ ಲೂಯಿ ಲೀಸೆಯ ಹುಡುಗರು ಸ್ಟಾಡ್ ಫ್ರಾಂಸೆ ಕಟ್ಟಿದರು. ಇಂಥ ಕ್ಲಬ್‌ಗಳನ್ನೆಲ್ಲ ಒಂದು ಛಾವಣಿಯಡಿ ತರಲು ಒಂದು ಒಕ್ಕೂಟ ಹುಟ್ಟಿತು, ಹೆಸರು ಯುಎಸ್ಎಫ್ಎಸ್ಎ. ಕೂಬರ್ಟಿನ್ ಅದರ ಕಾರ್ಯದರ್ಶಿ. ಪತ್ರ ಬರೆಯೋದು, ಮೈದಾನ ಹೊಂದಿಸೋದು, ಹೆಡ್‌ಮಾಸ್ಟರ್‌ಗಳನ್ನ ಒಪ್ಪಿಸೋದು, ಹೀಗೆ ಯಾರ ಕಣ್ಣಿಗೂ ಬೀಳದ ಕೆಲಸಗಳೆಲ್ಲ ಅವರ ತಲೆ ಮೇಲೆ.

1892ರ ಮಾರ್ಚ್ 20. ಪ್ಯಾರಿಸ್ ಅಂಚಿನ ಬುಲೋನ್ಯ್ ವನದ ಬಗಾಟೆಲ್ ಮೈದಾನ. ರೇಸಿಂಗ್ ಕ್ಲಬ್ ಮತ್ತು ಸ್ಟಾಡ್ ಫ್ರಾಂಸೆ ಎದುರುಬದುರು, ರೆಫರಿ ಕೂಬರ್ಟಿನ್. ರೇಸಿಂಗ್ 4-3ರಿಂದ ಗೆದ್ದಿತು. ಒಂದೇ ಪಂದ್ಯದಲ್ಲಿ ಫ್ರಾನ್ಸಿನ ಚಾಂಪಿಯನ್ ಯಾರು ಅನ್ನೋದು ತೀರ್ಮಾನವಾಯ್ತು.

ಗೆದ್ದವರಿಗೆ ಕಪ್ ಬದಲು ಗುರಾಣಿ ಕೊಡಬೇಕು ಅನ್ನೋ ಯೋಚನೆಯೂ ಕೂಬರ್ಟಿನ್ ಅವರದೇ. ಅದನ್ನ ಮಾಡಿಕೊಟ್ಟವರು ಶಾರ್ಲ್ ಬ್ರೆನ್ನಸ್, ಲೋಹದ ಮೇಲೆ ಕೆತ್ತನೆ ಮಾಡುವ ಕಸುಬುದಾರ, ಅದೇ ಒಕ್ಕೂಟದವರು. ಮರದ ಹಲಗೆಯ ಮೇಲೆ ಲೋಹದ ಫಲಕ. ಅದರಲ್ಲಿ ಒಕ್ಕೂಟದ ಗುರುತಾದ, ಒಂದರೊಳಗೊಂದು ಹೆಣೆದ ಎರಡು ಉಂಗುರಗಳು. ಮುಂದೆ 1913ರಲ್ಲಿ ಕೂಬರ್ಟಿನ್ ಒಲಿಂಪಿಕ್ಸ್‌ಗೆ ಐದು ಉಂಗುರಗಳ ಗುರುತು ಬರೆದರಲ್ಲ, ಅದರ ಬೀಜ ಇಲ್ಲೇ ಇತ್ತು ಅಂತ ಹೇಳುವವರಿದ್ದಾರೆ. ಫ್ರಾನ್ಸಿನ ರಗ್ಬಿ ಚಾಂಪಿಯನ್ನರು ಇವತ್ತಿಗೂ ಎತ್ತಿ ಹಿಡಿಯೋದು ಈ ಬ್ರೆನ್ನಸ್ ಗುರಾಣಿಯನ್ನೇ.

ಅದೇ ವರ್ಷ ನವೆಂಬರ್ 25ರಂದು, ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಯುಎಸ್ಎಫ್ಎಸ್ಎ ಸಭೆ. ಅಲ್ಲಿ ಕೂಬರ್ಟಿನ್ ಎದ್ದು ನಿಂತು, ಒಲಿಂಪಿಕ್ಸ್ ಮತ್ತೆ ಶುರು ಮಾಡೋಣ ಅಂದರು. ಜನ ಚಪ್ಪಾಳೆ ತಟ್ಟಿದರು, ಆದರೆ ಯಾರೂ ಅದನ್ನ ಗಂಭೀರವಾಗಿ ತಗೊಳ್ಳಲಿಲ್ಲ. ಅವರು ಸುಮ್ಮನಾಗಲಿಲ್ಲ. 1894ರ ಜೂನ್‌ನಲ್ಲಿ ಅಲ್ಲೇ ಇನ್ನೊಂದು ಸಮ್ಮೇಳನ ಕರೆದರು. ಮುಖ್ಯ ಚರ್ಚೆ ಹಣ ಪಡೆಯದೆ ಆಡುವ ಹವ್ಯಾಸಿ ಆಟಗಾರರ ನಿಯಮಗಳ ಬಗ್ಗೆ, ಒಲಿಂಪಿಕ್ಸ್ ವಿಷಯ ಕಾರ್ಯಸೂಚಿಯ ಕೊನೆಯಲ್ಲಿ. ಸಮ್ಮೇಳನ ಮುಗಿಯುವಷ್ಟರಲ್ಲಿ ಒಲಿಂಪಿಕ್ ಸಮಿತಿ ಹುಟ್ಟಿತ್ತು. 1896ರಲ್ಲಿ ಅಥೆನ್ಸ್‌ನಲ್ಲಿ ಕ್ರೀಡಾಕೂಟ ನಡೆದೇಬಿಟ್ಟಿತು.

ಬಾಗಿಲು ತೆರೆದದ್ದು ಎಷ್ಟು?

ಇತ್ತ ರಗ್ಬಿಯಲ್ಲಿ, ಹೆಸರಿಗೆ ಫ್ರಾನ್ಸ್ ಚಾಂಪಿಯನ್‌ಶಿಪ್ ಆದರೂ ಮೊದಲ ಏಳು ವರ್ಷ ಆಡಿದ್ದು ಪ್ಯಾರಿಸ್ ಕ್ಲಬ್‌ಗಳು ಮಾತ್ರ. ನೈಋತ್ಯದ ಊರುಗಳಲ್ಲಿ ಆಟ ಕಾಡುಗಿಚ್ಚಿನ ಹಾಗೆ ಹಬ್ಬುತ್ತಿದ್ದರೂ ಅವರಿಗೆ ಪ್ರವೇಶವಿಲ್ಲ. 1899ರಲ್ಲಿ ಹೊರಗಿನವರಿಗೂ ಅವಕಾಶ ಸಿಕ್ಕಿತು. ಸಿಕ್ಕಿದ ಮೊದಲ ವರ್ಷವೇ ಬೋರ್ಡೋದ ಸ್ಟಾಡ್ ಬೋರ್ಡಲೆ ತಂಡ ಫೈನಲ್‌ನಲ್ಲಿ ಸ್ಟಾಡ್ ಫ್ರಾಂಸೆಯನ್ನ 5-3ರಿಂದ ಸೋಲಿಸಿತು. ಅಲ್ಲಿಯವರೆಗೆ ಪ್ಯಾರಿಸ್ ಗೆದ್ದದ್ದರಲ್ಲಿ ಎಷ್ಟು ಪಾಲು ಆಟದ್ದು, ಎಷ್ಟು ಪಾಲು ಮುಚ್ಚಿದ ಬಾಗಿಲಿನದ್ದು? ಎಂಬತ್ತು ನಿಮಿಷದ ಒಂದು ಪಂದ್ಯ ಆ ಪ್ರಶ್ನೆ ಎತ್ತಿತು.

ಕೂಬರ್ಟಿನ್ ಅಷ್ಟರಲ್ಲಿ ಒಲಿಂಪಿಕ್ ಸಮಿತಿಯ ಅಧ್ಯಕ್ಷರು. ಆದರೆ ರಗ್ಬಿ ಬಿಡಲಿಲ್ಲ. ಅವರ ಅಧ್ಯಕ್ಷತೆಯ ಕಾಲದಲ್ಲಿ 1900, 1908, 1920 ಮತ್ತು 1924ರ ಒಲಿಂಪಿಕ್ಸ್‌ಗಳಲ್ಲಿ ರಗ್ಬಿ ಇತ್ತು. ಅಲ್ಲೂ ಅದೇ ಕಥೆ, ತಂಡಗಳೇ ಇಲ್ಲ. 1908ರಲ್ಲಿ ಬಂದದ್ದು ಎರಡು ತಂಡ, 1920ರಲ್ಲಿ ಎರಡು, 1924ರಲ್ಲಿ ಮೂರು. 1924ರ ಫೈನಲ್‌ನಲ್ಲಿ ಅಮೆರಿಕ 17-3ರಿಂದ ಫ್ರಾನ್ಸನ್ನ ಅದರ ನೆಲದಲ್ಲೇ ಸೋಲಿಸಿದಾಗ ಗ್ಯಾಲರಿಯಲ್ಲಿ ಹೊಡೆದಾಟವೇ ಆಯ್ತು. ಮರುವರ್ಷ ಕೂಬರ್ಟಿನ್ ಅಧ್ಯಕ್ಷ ಸ್ಥಾನ ಬಿಟ್ಟರು. ಅವರ ಹಿಂದೆಯೇ ರಗ್ಬಿಯೂ ಒಲಿಂಪಿಕ್ಸ್‌ನಿಂದ ಹೊರಬಿತ್ತು.

ಅವರು ಮುಚ್ಚಿದ ಬಾಗಿಲುಗಳ ಬಗ್ಗೆಯೂ ಹೇಳಲೇಬೇಕು. ಹೆಣ್ಣುಮಕ್ಕಳು ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸೋದನ್ನ ಅವರು ಕೊನೆವರೆಗೂ ಒಪ್ಪಲಿಲ್ಲ. 1900ರಲ್ಲೇ ಮಹಿಳೆಯರು ಟೆನಿಸ್, ಗಾಲ್ಫ್ ಆಡಿದ್ದರು, ಆದರೆ ಓಟ, ಜಿಗಿತದ ಅಂಗಳಕ್ಕೆ ಅವರು ಇಳಿಯಲು 1928 ಬರಬೇಕಾಯ್ತು, ಅಂದರೆ ಕೂಬರ್ಟಿನ್ ನಿವೃತ್ತರಾದ ಮೇಲೆ. ಹವ್ಯಾಸಿ ನಿಯಮದ್ದೂ ಹಾಗೇ. ಹಣಕ್ಕಾಗಿ ಆಡಬಾರದು ಅನ್ನೋದು ಕೇಳಲು ಚೆನ್ನಾಗಿದೆ. ಆದರೆ ಒಂದು ದಿನದ ಕೂಲಿ ಬಿಟ್ಟರೆ ಒಲೆ ಹತ್ತದ ಮನೆಯವನಿಗೆ ಅದು ಬಾಗಿಲಿಗೆ ಹಾಕಿದ ಬೀಗ. ಫ್ರೆಂಚ್ ಕ್ಲಬ್‌ಗಳು ಗುಟ್ಟಾಗಿ ಆಟಗಾರರಿಗೆ ಹಣ ಕೊಡ್ತಿವೆ ಅನ್ನೋ ದೂರಿನ ಮೇಲೆ 1931ರಲ್ಲಿ ಬ್ರಿಟನ್ನಿನ ರಗ್ಬಿ ಸಂಘಗಳು ಫ್ರಾನ್ಸ್ ಜೊತೆ ಆಡೋದನ್ನೇ ನಿಲ್ಲಿಸಿದವು. ರಗ್ಬಿ ಯೂನಿಯನ್‌ನಲ್ಲಿ ಆ ಬೀಗ ಪೂರ್ತಿ ತೆಗೆದದ್ದು 1995ರಲ್ಲಿ.

ಕೊನೆಯ ವರ್ಷಗಳು

ಕೂಬರ್ಟಿನ್ 1895ರಲ್ಲಿ ಮಾರಿ ರೋಥಾನ್ ಅವರನ್ನ ಮದುವೆಯಾಗಿದ್ದರು. ಒಬ್ಬ ಮಗ, ಒಬ್ಬಳು ಮಗಳು. ಇಬ್ಬರಿಗೂ ಆರೋಗ್ಯ ಕೈಕೊಟ್ಟಿತು, ಅಪ್ಪ ಅಮ್ಮ ಜೀವನಪೂರ್ತಿ ಆ ನೋವು ಹೊತ್ತರು. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಒಲಿಂಪಿಕ್ ಸಮಿತಿಯ ಕಚೇರಿಯನ್ನ ಸ್ವಿಟ್ಜರ್ಲೆಂಡಿನ ಲೊಸಾನ್‌ಗೆ ಸಾಗಿಸಿದರು. ಪಿತ್ರಾರ್ಜಿತ ಆಸ್ತಿ ಕರಗಿಹೋಯ್ತು. ಬ್ಯಾರನ್ ಪದವಿ ಉಳಿಯಿತು, ದುಡ್ಡು ಉಳಿಯಲಿಲ್ಲ. 1937ರ ಸೆಪ್ಟೆಂಬರ್ 2ರಂದು ಜಿನೀವಾದ ಪಾರ್ಕೊಂದರಲ್ಲಿ ನಡೆದುಹೋಗುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ದೇಹವನ್ನ ಲೊಸಾನ್‌ನಲ್ಲಿ ಮಣ್ಣು ಮಾಡಿದರು. ಹೃದಯವನ್ನ ಮಾತ್ರ ಗ್ರೀಸಿನ ಒಲಿಂಪಿಯಾದಲ್ಲಿ, ಅವರ ಇಚ್ಛೆಯಂತೆ ಇಟ್ಟರು.

ಗುರಾಣಿ ಈಗ ಯಾರ ಕೈಗೆ?

ಎರಡು ತಂಡಗಳ ಚಾಂಪಿಯನ್‌ಶಿಪ್ ಈಗ 14 ತಂಡಗಳದ್ದು. ಪ್ರತಿ ತಂಡಕ್ಕೂ 26 ಲೀಗ್ ಪಂದ್ಯ. ಮೊದಲ ಎರಡು ಸ್ಥಾನದವರು ನೇರ ಸೆಮಿಫೈನಲ್‌ಗೆ. ಮೂರರಿಂದ ಆರನೇ ಸ್ಥಾನದವರಿಗೆ ಬರಾಜ್ ಅನ್ನೋ ಪ್ಲೇ-ಆಫ್, ಸೋತವರು ಮನೆಗೆ. ನಮ್ಮ ಐಪಿಎಲ್‌ನ ಎಲಿಮಿನೇಟರ್ ಥರಾನೇ, ಆದರೆ ಇಲ್ಲಿ ಎರಡು ಪಂದ್ಯ. ಪಟ್ಟಿಯ ತಳದಲ್ಲಿ ಐಪಿಎಲ್‌ನಲ್ಲಿ ಇಲ್ಲದ ಭಯವೂ ಇದೆ. 14ನೇ ತಂಡ ಕೆಳಗಿನ ಪ್ರೊ ಡಿ2 ಲೀಗ್‌ಗೆ ಇಳಿಯುತ್ತೆ, ಅಲ್ಲಿನ ಚಾಂಪಿಯನ್ ಮೇಲೆ ಬರುತ್ತೆ. 13ನೇ ತಂಡ, ಪ್ರೊ ಡಿ2 ಫೈನಲ್‌ನಲ್ಲಿ ಸೋತ ತಂಡದ ಜೊತೆ ಆಡಿ ತನ್ನ ಜಾಗ ಉಳಿಸಿಕೊಳ್ಳಬೇಕು. ದೊಡ್ಡ ಹೆಸರು, ಹಳೇ ಇತಿಹಾಸ ಯಾವುದೂ ಅಲ್ಲಿ ನಡೆಯಲ್ಲ.

ಕೂಬರ್ಟಿನ್ ಅವರ ಹಳೇ ತಂಡಗಳಿಗೂ ಇದೇ ನ್ಯಾಯ. 2014ರಲ್ಲಿ ಯುರೋಪಿನ ಹೊಸ ಚಾಂಪಿಯನ್ಸ್ ಕಪ್‌ಗೆ 20 ತಂಡ ಬೇಕಿತ್ತು. 19 ತಂಡ ತಂತಮ್ಮ ಲೀಗ್‌ಗಳಿಂದ ನೇರ ಬಂದವು. ಉಳಿದ ಒಂದು ಜಾಗಕ್ಕೆ ಇಂಗ್ಲೆಂಡಿನ ವಾಸ್ಪ್ಸ್ ಮತ್ತು ಪ್ಯಾರಿಸ್‌ನ ಸ್ಟಾಡ್ ಫ್ರಾಂಸೆ ನಡುವೆ ಪ್ಲೇ-ಆಫ್, ಅಲ್ಲೊಂದು ಇಲ್ಲೊಂದು ಪಂದ್ಯ. 1892ರ ಫೈನಲ್ ಆಡಿದ್ದ ಕ್ಲಬ್ ಸೋತು ಹೊರಗುಳಿಯಿತು. ಮುಂದಿನ ವರ್ಷ ಅದೇ ಸ್ಟಾಡ್ ಫ್ರಾಂಸೆ ಟಾಪ್ 14ರಲ್ಲಿ ನಾಲ್ಕನೇ ಸ್ಥಾನ ಪಡೆದು ಬರಾಜ್ ಆಡಬೇಕಾಯ್ತು. ಎದುರಾಳಿ ಯಾರು ಗೊತ್ತಾ? ರೇಸಿಂಗ್! 123 ವರ್ಷಗಳ ಹಿಂದೆ ಬಗಾಟೆಲ್‌ನಲ್ಲಿ ಎದುರಾದ ಅದೇ ಎರಡು ಹೆಸರು. ಅದನ್ನ ಗೆದ್ದು, ಸೆಮಿಫೈನಲ್ ಗೆದ್ದು, ಫೈನಲ್‌ನಲ್ಲಿ ಕ್ಲೆರ್ಮಾನನ್ನ 12-6ರಿಂದ ಸೋಲಿಸಿ ಸ್ಟಾಡ್ ಫ್ರಾಂಸೆ ಗುರಾಣಿ ಎತ್ತಿತು. 2016ರಲ್ಲಿ ರೇಸಿಂಗ್ ಕೂಡ ನಾಲ್ಕನೇ ಸ್ಥಾನದಿಂದ ಬರಾಜ್ ದಾಟಿ ಬಂದು, ಬಾರ್ಸಿಲೋನಾದಲ್ಲಿ ನಡೆದ ಫೈನಲ್‌ನಲ್ಲಿ ಟೂಲೋನ್ ತಂಡವನ್ನ ಸೋಲಿಸಿ ಚಾಂಪಿಯನ್ ಆಯ್ತು.

ಅದೇ 2016ರಲ್ಲಿ ರಗ್ಬಿ ಏಳೇಳು ಜನರ ರೂಪದಲ್ಲಿ ಒಲಿಂಪಿಕ್ಸ್‌ಗೆ ವಾಪಸ್ ಬಂತು. ಈ ಸಲ ಪುರುಷರ ಜೊತೆ ಮಹಿಳೆಯರಿಗೂ ಸ್ಪರ್ಧೆ ಇತ್ತು, ಇಬ್ಬರಿಗೂ ಹನ್ನೆರಡು ಹನ್ನೆರಡು ತಂಡ. 2024ರಲ್ಲಿ ಪ್ಯಾರಿಸ್‌ನಲ್ಲೇ ಫ್ರಾನ್ಸಿನ ಪುರುಷರ ತಂಡ ಚಿನ್ನ ಗೆದ್ದಿತು. ಒಂದು ಆಟದ ಮೇಲಿನ ಪ್ರೀತಿಯಿಂದ ಕೂಬರ್ಟಿನ್ ಶುರು ಮಾಡಿದ್ದನ್ನ ಮುಂದಿನವರು ಅವರು ಒಪ್ಪುತ್ತಿದ್ದುದಕ್ಕಿಂತ ಹೆಚ್ಚು ಜನರಿಗೆ ತಲುಪಿಸಿದರು. ನಾವು ಕಟ್ಟುವ ಕ್ಲಬ್‌ಗಳನ್ನೂ ನಮ್ಮ ಜೂನಿಯರ್‌ಗಳು ಹಾಗೇ ದೊಡ್ಡದು ಮಾಡಲಿ. ಮೊದಲ ವರ್ಷ ಎರಡೇ ತಂಡ ಬಂದರೂ ಪರವಾಗಿಲ್ಲ, ಪಂದ್ಯ ನಡೆಸಿಬಿಡಿ. ಮುಂದಿನ ವರ್ಷ ಮೂರನೇ ತಂಡ ಬಂದು ಕದ ತಟ್ಟಿದಾಗ ಮಾತ್ರ ಅದಕ್ಕೂ ಒಂದು ಕ್ವಾಲಿಫೈಯರ್ ಇಡೋದನ್ನ ಮರೆಯಬೇಡಿ.