ಶ್ರೀ ಚಿಕ್ಕದೇವರಾಜ ಒಡೆಯರು: ರಾಜಶಕ್ತಿಯೂ ಅದರ ಎಲ್ಲೆಯೂ

ಹದಿನೇಳನೆಯ ಶತಮಾನದ ಉತ್ತರಾರ್ಧವು ಅರಸರ ಅಧಿಕಾರವು ಕೇಂದ್ರೀಕೃತವಾಗಿ ಬಲಿತ ಕಾಲ. ಔರಂಗಜೇಬನು 1679ರಲ್ಲಿ ಜೆಜಿಯಾ ತೆರಿಗೆಯನ್ನು ಮತ್ತೆ ವಿಧಿಸಿದನು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯು 1685ರಲ್ಲಿ ಪ್ರಾಟೆಸ್ಟೆಂಟರಿಗಿದ್ದ ರಕ್ಷಣೆಯನ್ನು ರದ್ದುಪಡಿಸಿದನು. ಅದೇ ಕಾಲದಲ್ಲಿ ಶ್ರೀರಂಗಪಟ್ಟಣದ ಸಿಂಹಾಸನವನ್ನು ಅಲಂಕರಿಸಿದ್ದವರು ಚಿಕ್ಕದೇವರಾಜ ಒಡೆಯರು.

1645ರಲ್ಲಿ ಜನಿಸಿದ ಇವರು 1673ರಲ್ಲಿ ಪಟ್ಟಕ್ಕೆ ಬಂದರು. ಆ ದಶಕದಲ್ಲಿಯೇ ಪಾಳೆಯಗಾರರ ಕೈಯಲ್ಲಿದ್ದ ಹಂದನಕೆರೆ, ಚಿಕ್ಕನಾಯಕನಹಳ್ಳಿ, ಹೊನ್ನವಳ್ಳಿ, ತುರುವೇಕೆರೆ ಸೀಮೆಗಳು ಮೈಸೂರಿನ ಅಧೀನಕ್ಕೆ ಬಂದವು. 1687ರಲ್ಲಿ ಮೊಗಲರು ಹಿಡಿದಿದ್ದ ಬೆಂಗಳೂರನ್ನು ಮೂರು ಲಕ್ಷ ರೂಪಾಯಿ ತೆತ್ತು ಪಡೆದುಕೊಂಡರು. ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದ ಅಠಾರ ಕಚೇರಿಯೂ, ರಾಜ್ಯದ ಆಗುಹೋಗುಗಳನ್ನು ಅರಮನೆಗೆ ಮುಟ್ಟಿಸುತ್ತಿದ್ದ ಅಂಚೆಯ ವ್ಯವಸ್ಥೆಯೂ ಇವರ ಕಾಲದವು. ಕಾವೇರಿಯಿಂದ ತೆಗೆಸಿದ ನಾಲೆಯು ಇಂದಿಗೂ ಇವರ ಹೆಸರನ್ನೇ ಹೊತ್ತಿದೆ. ಬೊಕ್ಕಸವನ್ನು ತುಂಬಿದ ಈ ದೊರೆಯನ್ನು ಜನರು ನವಕೋಟಿ ನಾರಾಯಣನೆಂದು ಕರೆದರು.

ಆದರೆ ಆ ಬೊಕ್ಕಸವು ತುಂಬಿದ್ದು ರೈತನ ಕಣಜದಿಂದ. ಉತ್ಪನ್ನದ ಆರನೆಯ ಒಂದು ಪಾಲಿನ ಮೇಲೆ ನಾನಾ ಹೆಸರಿನ ಹೊಸ ತೆರಿಗೆಗಳು ಬಿದ್ದವು. ರೈತರು ನೇಗಿಲುಗಳನ್ನು ತಲೆಕೆಳಗು ಮಾಡಿ ಊರಬಾಗಿಲ ಮರಗಳಿಗೆ ತೂಗುಹಾಕಿ ಉಳುಮೆಯನ್ನು ನಿಲ್ಲಿಸಿದರೆಂದೂ, ಜಂಗಮರು ಅವರ ಪಕ್ಷವನ್ನು ವಹಿಸಿದರೆಂದೂ ವಿಲ್ಕ್ಸನ ಇತಿಹಾಸವು ತಿಳಿಸುತ್ತದೆ. ಸಂಧಾನದ ನೆಪದಲ್ಲಿ ನಂಜನಗೂಡಿಗೆ ಕರೆಸಲ್ಪಟ್ಟ ನಾಲ್ಕುನೂರು ಜಂಗಮರು ಹತರಾದರೆಂದೂ, ಏಳುನೂರಕ್ಕೂ ಹೆಚ್ಚು ಮಠಗಳು ನಾಶವಾದವೆಂದೂ ಅದೇ ಗ್ರಂಥದ ಹೇಳಿಕೆ. 1810ರಲ್ಲಿ ಅದರ ಮೊದಲ ಸಂಪುಟ ಹೊರಬಂದಾಗ ಘಟನೆ ನಡೆದು ನೂರು ವರ್ಷಗಳಿಗೂ ಹೆಚ್ಚು ಕಾಲ ಸಂದಿತ್ತು. ಆದ್ದರಿಂದ ಆ ಸಂಖ್ಯೆಗಳನ್ನು ವಿದ್ವಾಂಸರೆಲ್ಲರೂ ಒಪ್ಪುವುದಿಲ್ಲ. ಅರಸರ ಬಾಲ್ಯದ ಒಡನಾಡಿಯೂ ಮಂತ್ರಿಯೂ ಆಗಿದ್ದ ಜೈನ ವಿಶಾಲಾಕ್ಷ ಪಂಡಿತನು ಈ ಕ್ಷೋಭೆಯ ಬಳಿಕ ಕೊಲೆಗೀಡಾದನು. ವೈರವು ಎರಡು ಕಡೆಯಲ್ಲಿಯೂ ರಕ್ತವನ್ನು ಬೇಡಿತು.

ಅನಂತರ ಮಂತ್ರಿಯಾದ ತಿರುಮಲಾರ್ಯನು ಶ್ರೀವೈಷ್ಣವ ಕವಿ. ಅರಸರೂ ಆ ಮತವನ್ನೇ ನೆಚ್ಚಿದರು. ಆಸ್ಥಾನದಲ್ಲಿ ಚಿಕುಪಾಧ್ಯಾಯ, ಸಿಂಗರಾರ್ಯ, ಸಂಚಿಯ ಹೊನ್ನಮ್ಮ ಮೊದಲಾದವರಿಂದ ಕನ್ನಡವು ಬೆಳಗಿತು. ಆ ಉಪಕಾರವನ್ನು ಕನ್ನಡಿಗರು ಮರೆಯಲಾಗದು. ಆದರೆ ಆಸ್ಥಾನದ ಮತವು ನಾಡಿನ ಮತವಾಗಲಿಲ್ಲ. ಅದೇ ಶತಮಾನದಲ್ಲಿ ಯಳಂದೂರಿನ ಷಡಕ್ಷರದೇವನು ವೀರಶೈವ ಮಹಾಕಾವ್ಯಗಳನ್ನು ರಚಿಸಿದನು.

1704ರಲ್ಲಿ ಚಿಕ್ಕದೇವರಾಜರು ಕಾಲವಶರಾದರು. ನಂಜನಗೂಡು ಸೀಮೆಯ ಕಪಿಲೆಯ ದಡದಲ್ಲಿ ಸುತ್ತೂರು ಮಠವು ಇಂದಿಗೂ ಅನ್ನವನ್ನೂ ಅಕ್ಷರವನ್ನೂ ನೀಡುತ್ತಿದೆ. ಕೋಟೆಯನ್ನು ಗೆಲ್ಲಲು ಸೈನ್ಯ ಸಾಕು, ಕಂದಾಯವನ್ನು ಎತ್ತಲು ಕಚೇರಿ ಸಾಕು; ಜನರ ಶ್ರದ್ಧೆಯು ಮಾತ್ರ ಇವೆರಡಕ್ಕೂ ಮಣಿಯಲಿಲ್ಲ. ಈ ದೊರೆಯ ಚರಿತ್ರೆಯನ್ನು ಮಕ್ಕಳಿಗೆ ಬೋಧಿಸುವಾಗ ನಾಲೆಯನ್ನೂ ನಂಜನಗೂಡನ್ನೂ ಒಟ್ಟಿಗೆ ಹೇಳುವುದೇ ನ್ಯಾಯ.